ಇಂಗ್ಲಿಷಿನ ‘ರೀಡ್’ ಧಾತುವೂ ಕನ್ನಡದ ‘ಓದು’ ಧಾತುವೂ

ಇಂಗ್ಲಿಷ್ ಕಲಿಯತೊಡಗಿದ ಬಾಲಕನಿಗೆ ಮೊದಮೊದಲು ಪರಿಚಯವಾಗುವ ಕ್ರಿಯಾಪದಗಳಲ್ಲಿ ‘ರೀಡ್’ ಎಂಬುದೊಂದು. ಅದಕ್ಕೆ ‘ಓದು’ ಎಂದು ಅರ್ಥ ಹೇಳಿ ಉಪಾಧ್ಯಾಯರು ಮುಂದಿನ ಪದಕ್ಕೆ ಹೋಗುವರು. ದ್ವಿಭಾಷಾ ನಿಘಂಟುಗಳೂ ಹಾಗೆಯೇ ಮಾಡುವುವು. ನಿತ್ಯವ್ಯವಹಾರಕ್ಕೆ ಇಷ್ಟು ಸಾಕು. ಆದರೆ ಪ್ರಾಚೀನ ಗ್ರಂಥಗಳ ಅರ್ಥನಿರ್ಣಯದಲ್ಲಿಯೂ, ಒಂದು ಭಾಷೆಯ ಕಾವ್ಯವಿಚಾರವನ್ನು ಮತ್ತೊಂದಕ್ಕೆ ತರುವ ಸಂದರ್ಭದಲ್ಲಿಯೂ ಈ ಸಮೀಕರಣವು ತೋರಿಸುವುದಕ್ಕಿಂತ ಮರೆಸುವುದೇ ಹೆಚ್ಚು. ಎರಡು ಧಾತುಗಳೂ ಬೇರೆ ಬೇರೆ ದಿಕ್ಕಿನಿಂದ ಬಂದು ಪುಸ್ತಕದ ಮುಂದೆ ಸೇರಿದುವು. ಒಂದು ಬುದ್ಧಿಯ ಕಡೆಯಿಂದ ಬಂದಿತು, ಇನ್ನೊಂದು ಕಂಠದ ಕಡೆಯಿಂದ.

‘ರೀಡ್’ ಪದದ ಪ್ರಾಚೀನಾಂಗ್ಲ ರೂಪವು ‘ರ‍್ಯಾಡನ್’. ಅದಕ್ಕೆ ಆಲೋಚಿಸು, ಸಲಹೆ ಕೊಡು, ಆಳು, ನಿಶ್ಚಯಿಸು, ಒಗಟನ್ನು ಬಿಡಿಸು, ಕನಸಿನ ಅರ್ಥವನ್ನು ಹೇಳು, ಬರೆಹವನ್ನು ಓದು ಎಂಬ ಅರ್ಥಗಳೆಲ್ಲವೂ ಉಂಟು. ಸೋದರ ಭಾಷೆಗಳಲ್ಲಿ ಈ ಧಾತುವಿನ ರೂಪಗಳು ಸ್ಪಷ್ಟವಾಗಿಯೇ ಉಳಿದಿವೆ. ಜರ್ಮನ್ ಭಾಷೆಯಲ್ಲಿ ‘ರಾಟೆನ್’ ಎಂದರೆ ಸಲಹೆ ಕೊಡು, ಊಹಿಸು; ‘ರಾಟ್’ ಎಂದರೆ ಮಂತ್ರಾಲೋಚನೆ, ಆಲೋಚನಾಸಭೆ. ಪುರಸಭೆಯ ಭವನಕ್ಕೆ ‘ರಾಟ್‌ಹೌಸ್’ ಎಂಬ ಹೆಸರು ಇದರಿಂದಲೇ ಬಂದಿತು. ಡಚ್ಚರ ‘ರಾಡೆನ್’, ಪ್ರಾಚೀನ ನಾರ್ಸಿನ ‘ರಾಡ’ ಇವೂ ಇದೇ ಕುಲದವು. ಗಾಥಿಕ್ ಭಾಷೆಯ ‘ಗರೇದನ್’ ಎಂಬುದಕ್ಕೆ ಮುಂದಾಲೋಚನೆಯಿಂದ ನಡೆ ಎಂಬ ಅರ್ಥವಿದೆ. ಸಂಸ್ಕೃತದ ‘ರಾಧ್’ ಧಾತುವನ್ನು ಇವುಗಳೊಡನೆ ಸೇರಿಸುವುದು ಬಹುಮಟ್ಟಿಗೆ ಸರ್ವಸಮ್ಮತವಾದ ಮತ. ಸಂಸ್ಕೃತದ ಧಕಾರಕ್ಕೆ ಇಂಗ್ಲಿಷಿನಲ್ಲಿ ಡಕಾರವೂ ಜರ್ಮನಿನಲ್ಲಿ ಟಕಾರವೂ ಬರುವುದು ನಿಯತವಾದ ಧ್ವನಿವ್ಯತ್ಯಾಸವಷ್ಟೆ. ‘ರಾಧ್’ ಎಂದರೆ ಸಾಧಿಸು, ಸಿದ್ಧಪಡಿಸು, ಒಲಿಸಿಕೊ. ಜರ್ಮನಿನಲ್ಲಿ ‘ಗೆರಾಟೆನ್’ ಎಂದರೆ ಕಾರ್ಯವು ಕೈಗೂಡು ಎಂದೂ, ‘ಫೋರ್‌ರಾಟ್’ ಎಂದರೆ ಮುಂದಕ್ಕೆಂದು ಕೂಡಿಟ್ಟ ಸಾಮಗ್ರಿ ಎಂದೂ ಇರುವುದು ಈ ಮೂಲಾರ್ಥಕ್ಕೆ ಸಾಕ್ಷಿಯಾಗಿದೆ. ಹೀಗೆ ನೋಡಿದರೆ ಇಂಗ್ಲಿಷಿನ ‘ರೀಡ್’ ಎಂಬುದಕ್ಕೂ ಕನ್ನಡಿಗರು ದಿನವೂ ಆಡುವ ‘ಆರಾಧನೆ’, ‘ಅಪರಾಧ’ ಎಂಬ ತತ್ಸಮಗಳಿಗೂ ದೂರದ ದಾಯಾದಿತನವುಂಟು. ‘ಓದು’ ಎಂಬುದಕ್ಕೆ ಮಾತ್ರ ಆ ನಂಟು ಇಲ್ಲ.

ಆಲೋಚನೆ, ಸಲಹೆ ಎಂಬ ಅರ್ಥವು ಇಂಗ್ಲಿಷರ ಹೆಸರುಗಳಲ್ಲಿ ಹೆಪ್ಪುಗಟ್ಟಿ ನಿಂತಿದೆ. ಆಲ್ಫ್ರೆಡ್ ಎಂದರೆ ಯಕ್ಷಸದೃಶರಾದ ‘ಎಲ್ಫ್’ಗಳ ಮಂತ್ರಾಲೋಚನೆಯುಳ್ಳವನು. ಎಥೆಲ್ರೆಡ್ ಎಂದರೆ ಉದಾತ್ತವಾದ ಆಲೋಚನೆಯುಳ್ಳವನು. ೯೭೮ರಲ್ಲಿ ಪಟ್ಟವೇರಿ ೧೦೧೬ರಲ್ಲಿ ತೀರಿಕೊಂಡ ಎಥೆಲ್ರೆಡ್ ರಾಜನಿಗೆ ‘ಅನ್‌ರ‍್ಯಾಡ್’, ಅಂದರೆ ದುರಾಲೋಚನೆಯವನು, ಎಂಬ ಅಡ್ಡಹೆಸರು ಅಂಟಿತು. ಹೆಸರಿನಲ್ಲಿ ಸದಾಲೋಚನೆ, ಬಿರುದಿನಲ್ಲಿ ದುರಾಲೋಚನೆ ಎಂಬುದು ಇಲ್ಲಿಯ ಚಮತ್ಕಾರ. ಆದರೆ ಈ ಅಡ್ಡಹೆಸರು ಲಿಖಿತವಾಗಿ ದೊರೆಯುವುದು ರಾಜನು ಸತ್ತು ನೂರೈವತ್ತು ವರ್ಷಗಳು ಕಳೆದ ಮೇಲೆಯೇ. ಆ ಹಳೆಯ ಪದವು ಮರೆತುಹೋದ ಬಳಿಕ ಜನರು ಅದನ್ನು ‘ಅನ್‌ರೆಡಿ’ ಎಂದು ತಿದ್ದಿಕೊಂಡರು. ಪಠ್ಯಪುಸ್ತಕಗಳಲ್ಲಿ ಆ ರಾಜನು ಇಂದಿಗೂ ‘ಸಿದ್ಧನಾಗಿರದವನು’ ಎಂದೇ ಪ್ರಸಿದ್ಧನಾಗಿರುವನು. ‘ರೆಡಿ’ ಎಂಬುದು ಬೇರೆಯ ಧಾತುವಿನಿಂದ ಬಂದುದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ‘ರೆಡಿಂಗ್’ ಎಂದು ಉಚ್ಚರಿಸಿ ‘ರೀಡಿಂಗ್’ ಎಂಬಂತೆ ಬರೆಯುವ ಊರೂ ಹಾಗೆಯೇ. ಅದು ರೇಡ ಎಂಬವನ ಜನರ ನೆಲೆ. ಓದಿಗೂ ಅದಕ್ಕೂ ಯಾವ ನಂಟೂ ಇಲ್ಲ.

‘ರ‍್ಯಾಡನ್’ ಎಂಬುದರಿಂದ ಹುಟ್ಟಿದ ಪದಗಳಲ್ಲಿ ‘ರಿಡ್ಲ್’, ಅಂದರೆ ಒಗಟು, ಎಂಬುದು ಗಮನಾರ್ಹವಾದುದು. ಅದರ ಪ್ರಾಚೀನ ರೂಪ ‘ರ‍್ಯಾಡೆಲ್ಸ್’. ಕೊನೆಯ ಸಕಾರವನ್ನು ಬಹುವಚನಪ್ರತ್ಯಯವೆಂದು ಭ್ರಮಿಸಿ ಜನರು ಅದನ್ನು ಕಿತ್ತುಹಾಕಿದರು. ಜರ್ಮನರ ‘ರೇಟ್ಸೆಲ್’, ಡಚ್ಚರ ‘ರಾಡ್ಸೆಲ್’ ಎಂಬುವು ಇದರ ಒಡಹುಟ್ಟುಗಳು. ಆದಕಾರಣ ಪ್ರಾಚೀನಾಂಗ್ಲದಲ್ಲಿ ‘ಒಗಟನ್ನು ರ‍್ಯಾಡನ್ ಮಾಡು’ ಎಂದರೆ ಅದನ್ನು ಬಾಯಿಬಿಟ್ಟು ಹೇಳು ಎಂದರ್ಥವಲ್ಲ, ಒಡೆ ಎಂದರ್ಥ. ಇಂದಿನ ಇಂಗ್ಲಿಷಿನಲ್ಲಿ ಅಂಗೈಯನ್ನು ‘ರೀಡ್’ ಮಾಡುವುದು, ಮುಖವನ್ನು ‘ರೀಡ್’ ಮಾಡುವುದು, ಆಕಾಶವನ್ನು ನೋಡಿ ಮಳೆಗಾಳಿಗಳನ್ನು ‘ರೀಡ್’ ಮಾಡುವುದು ಎಂಬ ಪ್ರಯೋಗಗಳಿವೆ. ಇವನ್ನು ಪುಸ್ತಕದ ಓದಿನಿಂದ ಬಂದ ಲಕ್ಷಣಾರ್ಥಗಳೆಂದು ಇಂದಿನ ಓದುಗನು ತಿಳಿಯುವನು. ವ್ಯಕ್ತಿಶಃ ಈ ಪದಗುಚ್ಛಗಳು ಹಾಗೆ ಹುಟ್ಟಿರಲೂಬಹುದು. ಆದರೆ ಚಿಹ್ನೆಯನ್ನು ನೋಡಿ ಅರ್ಥವನ್ನು ಹೇಳುವ ಭಾವವು ಧಾತುವಿಗೆ ಪುಸ್ತಕದಿಂದ ಬಂದುದಲ್ಲ. ಪುಸ್ತಕಕ್ಕಿಂತ ಮೊದಲೇ ಅದರಲ್ಲಿತ್ತು. ಕನ್ನಡದಲ್ಲಿ ಹಸ್ತವನ್ನು ‘ನೋಡುವರು’, ಶಕುನವನ್ನು ‘ಕೇಳುವರು’, ಒಗಟನ್ನು ‘ಒಡೆಯುವರು’. ಇವುಗಳಲ್ಲಿ ಯಾವುದನ್ನೂ ‘ಓದುವ’ ವಾಡಿಕೆ ಇರಲಿಲ್ಲ.

ಭೂತಕಾಲದ ರೂಪದ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ವರ್ತಮಾನದಲ್ಲಿ ‘ರೀಡ್’, ಭೂತದಲ್ಲಿ ‘ರೆಡ್’. ಬರೆಹ ಮಾತ್ರ ಎರಡಕ್ಕೂ ಒಂದೇ. ಪ್ರಾಚೀನಾಂಗ್ಲದಲ್ಲಿ ಭೂತರೂಪಕ್ಕೆ ಡಕಾರದ ದ್ವಿತ್ವವಿದ್ದು, ಆ ದ್ವಿತ್ವದ ಹಿಂದಿನ ದೀರ್ಘಸ್ವರವು ಹ್ರಸ್ವವಾಯಿತು. ಉಚ್ಚಾರಣೆ ಬೇರೆಯಾದರೂ ಕಾಗುಣಿತವನ್ನು ಬೇರ್ಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ‘ಲೀಡ್’, ‘ಲೆಡ್’ ಎಂಬಲ್ಲಿ ಬೇರ್ಪಡಿಸಿದವರು ಇಲ್ಲಿ ಏಕೆ ಬಿಟ್ಟರೋ! ಓದುವುದು ಎಂಬ ಅರ್ಥದ ಪದವನ್ನೇ ಸಂದರ್ಭವನ್ನು ಊಹಿಸದೆ ಓದಲಾಗದಂತೆ ಮಾಡಿಟ್ಟಿರುವುದು ಆ ಭಾಷೆಯ ವಿನೋದಗಳಲ್ಲೊಂದು.

ಇನ್ನು ಮುಖ್ಯ ಪ್ರಶ್ನೆ. ಬರೆಹದ ಬಳಕೆ ಬಂದಾಗ ಯೂರೋಪಿನ ಭಾಷೆಗಳು ಓದುವಿಕೆಗೆ ಯಾವ ಪದವನ್ನು ಆರಿಸಿಕೊಂಡುವು? ಲ್ಯಾಟಿನ್ನಿನ ‘ಲೆಗೆರೆ’ ಎಂಬುದಕ್ಕೆ ಆಯ್ದುಕೊ, ಕೂಡಿಸು ಎಂಬುದು ಮೊದಲ ಅರ್ಥ. ಜರ್ಮನಿನ ‘ಲೇಸೆನ್’ ಎಂಬುದಕ್ಕೂ ಅದೇ ಅರ್ಥ. ದ್ರಾಕ್ಷಿಯ ಕೊಯ್ಲಿಗೆ ಇಂದಿಗೂ ‘ವೈನ್‌ಲೇಸೆ’ ಎನ್ನುವರು. ಗ್ರೀಕರು ‘ಮತ್ತೆ ಗುರುತಿಸು’ ಎಂಬ ಅರ್ಥದ ‘ಅನಗಿಗ್ನೋಸ್ಕೋ’ ಎಂಬುದನ್ನು ಬಳಸಿದರು. ಹೀಬ್ರೂ ಅರಬ್ಬಿಗಳಲ್ಲಿ ಕೂಗು, ಘೋಷಿಸು, ಪಠಿಸು ಎಂಬ ಅರ್ಥದ ಧಾತುವೇ ಓದುವುದಕ್ಕೂ ಸಲ್ಲುವುದು. ‘ಕುರಾನ್’ ಎಂದರೆ ಪಠಿಸಲ್ಪಟ್ಟುದು. ನಾಲ್ಕನೆಯ ಶತಮಾನದಲ್ಲಿ ಬೈಬಲನ್ನು ಗಾಥಿಕ್ ಭಾಷೆಗೆ ತಂದ ವುಲ್ಫಿಲನು ಓದುವುದಕ್ಕೆ ‘ಸಿಂಗ್ವನ್’, ಅಂದರೆ ಹಾಡು, ಎಂಬ ಪದವನ್ನೇ ಇಟ್ಟನು. ಯೇಸುವು ಸಭಾಮಂದಿರದಲ್ಲಿ ಗ್ರಂಥವನ್ನು ಓದಲು ಎದ್ದುನಿಂತನೆಂಬ ಲೂಕನ ಮಾತು ಗಾಥಿಕ್ಕಿನಲ್ಲಿ ಅವನು ಗ್ರಂಥವನ್ನು ಹಾಡಲು ನಿಂತನೆಂಬಂತೆ ಕೇಳಿಸುವುದು. ಕುಮಾರವ್ಯಾಸಭಾರತದ ವಾಚನವನ್ನು ಕೇಳಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರದು.

ಇಷ್ಟು ಭಾಷೆಗಳ ನಡುವೆ ಇಂಗ್ಲಿಷು ಮಾತ್ರ ಆಲೋಚನೆ, ಊಹೆ, ಅರ್ಥಕಥನಗಳ ಧಾತುವನ್ನು ಓದಿಗೆ ಶಾಶ್ವತವಾಗಿ ಇಟ್ಟುಕೊಂಡಿತು. ‘ಲೇಸೆನ್’ ಎಂಬುದರ ಒಡಹುಟ್ಟಾದ ‘ಲೆಸನ್’ ಎಂಬ ಪದವು ಪ್ರಾಚೀನಾಂಗ್ಲದಲ್ಲಿ ಇರಲಿಲ್ಲವೆಂದಲ್ಲ. ಅದು ಇತ್ತು, ಕೊಯ್ಲಾದ ಹೊಲದಲ್ಲಿ ಹಕ್ಕಲಾಯುವುದು ಎಂಬ ಅರ್ಥದಲ್ಲಿ ಗ್ರಾಮ್ಯಭಾಷೆಯಲ್ಲಿ ಬಹುಕಾಲ ಬದುಕಿಯೂ ಇತ್ತು. ಆದರೆ ಪುಸ್ತಕದ ಬಳಿಗೆ ಅದು ಬರಲಿಲ್ಲ. ಪದದ ಅಭಾವದಿಂದಲ್ಲದೆ ಆಯ್ಕೆಯಿಂದಲೇ ‘ರ‍್ಯಾಡನ್’ ಓದಿನ ಪದವಾಯಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ಆಯ್ಕೆಗೆ ಕಾರಣವೇನೆಂಬಲ್ಲಿ ಒಂದು ರಮ್ಯವಾದ ಕಲ್ಪನೆ ಜನಪ್ರಿಯ ಭಾಷಾಚರಿತ್ರೆಗಳಲ್ಲಿ ಬೇರೂರಿದೆ. ಪ್ರಾಚೀನ ಟ್ಯೂಟಾನಿಕ್ ಜನರಿಗೆ ಬರೆಹವೆಂದರೆ ಮಂತ್ರರಹಸ್ಯ. ‘ರೂನ್’ ಎಂಬ ಅವರ ಲಿಪಿಯ ಹೆಸರಿಗೇ ಗುಟ್ಟು ಎಂದರ್ಥ. ಆದುದರಿಂದ ಲಿಪಿಯನ್ನು ಕಂಡವನು ಅದನ್ನು ಓದುತ್ತಿರಲಿಲ್ಲ, ಒಗಟಿನಂತೆ ಒಡೆಯುತ್ತಿದ್ದನು ಎಂಬುದು ಆ ಕಲ್ಪನೆ. ಟ್ಯಾಸಿಟಸ್ಸನು ‘ಗೆರ್ಮಾನಿಯ’ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ವರ್ಣಿಸಿರುವ ಶಕುನವಿಧಿಯನ್ನು ಇದಕ್ಕೆ ಆಧಾರವಾಗಿ ಕೊಡುವುದುಂಟು. ಫಲವೃಕ್ಷದ ಕೊಂಬೆಯನ್ನು ತುಂಡುಗಳಾಗಿ ಕಡಿದು, ಗುರುತುಗಳನ್ನು ಮಾಡಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲಿ, ಪುರೋಹಿತನು ಒಂದೊಂದಾಗಿ ಮೂರನ್ನು ಎತ್ತಿ ಗುರುತಿನಂತೆ ಅರ್ಥ ಹೇಳುವನು. ಎತ್ತುವುದು ‘ಲೇಸೆನ್’, ಅರ್ಥ ಹೇಳುವುದು ‘ರಾಟೆನ್’. ಜರ್ಮನರು ಮೊದಲನೆಯದನ್ನೂ ಇಂಗ್ಲಿಷರು ಎರಡನೆಯದನ್ನೂ ಹಿಡಿದರು ಎಂದು ಕಥೆ ಮುಗಿಯುವುದು. ಹೊಂದಿಕೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅದರಿಂದಲೇ ಸಂದೇಹ ಹುಟ್ಟಬೇಕು. ಟ್ಯಾಸಿಟಸ್ಸನು ಹೇಳಿದ ಗುರುತುಗಳು ಅಕ್ಷರಗಳೆಂಬುದಕ್ಕೆ ಪ್ರಮಾಣವಿಲ್ಲ. ‘ಲೇಸೆನ್’ ಎಂಬುದಕ್ಕೆ ಓದು ಎಂಬ ಅರ್ಥವು ಲ್ಯಾಟಿನ್ನಿನ ‘ಲೆಗೆರೆ’ಯ ಅನುಕರಣದಿಂದ, ಮಠಗಳಲ್ಲಿ ಓದುಬರೆಹ ಕಲಿತವರ ಮೂಲಕ ಬಂದಿತೆಂದು ಹೇಳಲು ಯಾವ ತೊಡಕೂ ಇಲ್ಲ.

ಈ ಕಲ್ಪನೆಗೆ ಎದುರಾಗಿ ಒಂದು ಶಾಸನವನ್ನು ಇಡಬಹುದು. ಸ್ವೀಡನ್ ದೇಶದ ಉಪ್‌ಲಾಂಡ್ ಸೀಮೆಯ ಹಿಲ್ಲರ್‌ಷೋ ಎಂಬಲ್ಲಿ ಹನ್ನೊಂದನೆಯ ಶತಮಾನದ ದೀರ್ಘವಾದ ರೂನ್ ಶಿಲಾಲೇಖವೊಂದಿದೆ. ಅದರ ಮೊದಲ ಮಾತೇ ‘ರಾಡ’ ಧಾತುವಿನ ವಿಧ್ಯರ್ಥ: ಇದನ್ನು ಓದು, ತಿಳಿದುಕೊ ಎಂದು ದಾರಿಹೋಕನಿಗೆ ಕೊಟ್ಟ ಆಜ್ಞೆ. ಅದರ ಮುಂದೆ ಬರುವುದು ಮಂತ್ರವೂ ಅಲ್ಲ, ರಹಸ್ಯವೂ ಅಲ್ಲ, ಆಸ್ತಿಯ ಪಾರಂಪರ್ಯ. ಗೇರ್ಲೋಗ್ ಎಂಬ ಹೆಂಗಸಿನ ಮೊದಲ ಗಂಡ ನೀರಿನಲ್ಲಿ ಮುಳುಗಿ ಸತ್ತನು, ಮಗನೂ ಸತ್ತನು, ಅವಳು ಮತ್ತೆ ಮದುವೆಯಾದಳು, ಆ ಮದುವೆಯ ಮಕ್ಕಳಲ್ಲಿ ಇಂಗ ಎಂಬ ಮಗಳೊಬ್ಬಳೇ ಉಳಿದಳು, ಇಂಗಳ ಗಂಡನೂ ಮಗನೂ ಸಾಯಲು ಆ ಆಸ್ತಿ ಇಂಗಳಿಗೆ ಬಂದಿತು, ಇಂಗಳೂ ಸಾಯಲು ತಾಯಿಯಾದ ಗೇರ್ಲೋಗಳಿಗೆ ಸೇರಿತು. ಕರ್ಣಾಟಕದ ದಾನಶಾಸನಗಳನ್ನು ಓದಿ ಬಲ್ಲವರಿಗೆ ಈ ಧೋರಣೆ ಚಿರಪರಿಚಿತವಾದುದು. ಕಲ್ಲು ಇಲ್ಲಿ ಹಕ್ಕುಪತ್ರ. ‘ರಾಡ’ ಎಂಬುದು ಇಲ್ಲಿ ಮಾಂತ್ರಿಕನ ವ್ಯಾಪಾರವಲ್ಲ. ಊರಿನ ನಾಲ್ವರಿಗೆ ವಿಷಯವು ತಿಳಿಯಲೆಂದು ಕಲ್ಲಿನಲ್ಲಿ ಕೆತ್ತಿಸಿದವಳ ವ್ಯವಹಾರಪದ. ಅದರಲ್ಲಿ ಅರ್ಥಗ್ರಹಣದ ಭಾವವಿದೆ, ನಿಜ; ಆದರೆ ಮಸುಕಾದುದನ್ನು ಊಹಿಸಿ ಹಿಡಿಯುವ ಭಾವವಿಲ್ಲ. ಹನ್ನೊಂದನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿಗೂ ಸ್ಕ್ಯಾಂಡಿನೇವಿಯಕ್ಕೂ ಬಳಕೆ ಬಹಳವಿದ್ದುದರಿಂದ ಒಂದರ ಪ್ರಯೋಗವು ಇನ್ನೊಂದಕ್ಕೆ ಹೋಗಿರಲೂಬಹುದು. ಆದುದರಿಂದ ಇದೊಂದೇ ಶಾಸನದಿಂದ ಮೂಲವನ್ನು ನಿರ್ಣಯಿಸಲಾಗದು. ಒಗಟಿನ ಕಥೆಯನ್ನು ಅಲುಗಾಡಿಸುವುದಕ್ಕೆ ಮಾತ್ರ ಇದು ಸಾಕು.

ಇಂಗ್ಲಿಷ್ ಪ್ರಯೋಗಗಳಲ್ಲಿಯೇ ಹುಡುಕಿದರೆ ಹೆಚ್ಚಿನ ಬೆಳಕು ದೊರೆಯುವುದು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ, ಸುಮಾರು ೧೦೦೦ದ ಕಾಲದ, ‘ಜೂನಿಯಸ್’ ಹಸ್ತಪ್ರತಿಯಲ್ಲಿ ದಾನಿಯೇಲನ ಕಥೆಯನ್ನು ಹೇಳುವ ಪ್ರಾಚೀನಾಂಗ್ಲ ಕಾವ್ಯವೊಂದಿದೆ. ಬಾಬಿಲೋನಿನ ಅರಸನ ಔತಣದ ಮಧ್ಯದಲ್ಲಿ ಗೋಡೆಯ ಮೇಲೆ ಅಕ್ಷರಗಳು ಮೂಡುವುವು, ಆಸ್ಥಾನದ ಪಂಡಿತರಿಗೆ ಅವು ತಿಳಿಯವು, ದಾನಿಯೇಲನನ್ನು ಕರೆತರುವರು. ಅವನು ಅರಸನಿಗೆ ಮಾಡಬೇಕಾದುದನ್ನು ಹೇಳುವಲ್ಲಿ ಕವಿಯು ಎರಡು ಕ್ರಿಯಾಪದಗಳನ್ನು ಜೋಡಿಯಾಗಿ ಇಟ್ಟಿರುವನು: ‘ಅರ‍್ಯಾಡನ್’ ಮಾಡಬೇಕು, ವಿವರಿಸಬೇಕು. ಬೈಬಲಿನ ಮೂಲದಲ್ಲಿಯೂ ಬರೆಹವನ್ನು ಓದುವುದು ಬೇರೆ, ಅದರ ಅರ್ಥವನ್ನು ತಿಳಿಸುವುದು ಬೇರೆ ಎಂದಿದೆ. ಅಂದಮೇಲೆ ‘ರ‍್ಯಾಡನ್’ ಎಂಬುದರಲ್ಲಿಯೇ ಅರ್ಥಕಥನವೆಲ್ಲವೂ ಅಡಗಿದ್ದರೆ ಎರಡನೆಯ ಪದ ಏಕೆ ಬೇಕು? ಕವಿಗೆ ಪ್ರಾಸಾನುಕೂಲವೂ ಇದ್ದಿರಬಹುದು. ಆದರೂ ಅಕ್ಷರಗಳನ್ನು ಬಿಡಿಸಿ ಉಚ್ಚರಿಸುವುದು ಒಂದು ಕಾರ್ಯ, ತಾತ್ಪರ್ಯವನ್ನು ಹೇಳುವುದು ಇನ್ನೊಂದು ಎಂಬ ವಿವೇಕ ಅವನಿಗಿತ್ತೆಂಬುದು ಸ್ಪಷ್ಟ.

ಇದೇ ಜೋಡಿ ಆಲ್ಫ್ರೆಡ್ ರಾಜನ ಚರಿತ್ರೆಯಲ್ಲಿಯೂ ಕಾಣುವುದು. ವೇಲ್ಸ್ ದೇಶದ ಆಸರ್ ಎಂಬ ಪಾದ್ರಿಯು ೮೯೩ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಆ ಚರಿತ್ರೆಯಲ್ಲಿ, ಅರಸನು ೮೮೭ರಲ್ಲಿ ಒಂದೇ ದಿನ ಓದುವುದನ್ನೂ ಅರ್ಥ ಹೇಳುವುದನ್ನೂ ಪ್ರಾರಂಭಿಸಿದನೆಂದಿದೆ. ಇಲ್ಲಿ ಓದೆಂದರೆ ಲ್ಯಾಟಿನ್ ವಾಕ್ಯವನ್ನು ಓದುವುದು, ಅರ್ಥವೆಂದರೆ ಅದನ್ನು ಇಂಗ್ಲಿಷಿಗೆ ತಿರುಗಿಸುವುದು. ಅದೇ ಗ್ರಂಥದಲ್ಲಿ ಪ್ರಸಿದ್ಧವಾದ ಇನ್ನೊಂದು ಪ್ರಸಂಗವಿದೆ. ಆಲ್ಫ್ರೆಡನು ಬಾಲಕನಾಗಿದ್ದಾಗ ತಾಯಿಯು ಇಂಗ್ಲಿಷ್ ಪದ್ಯಗಳ ಸುಂದರವಾದ ಪುಸ್ತಕವೊಂದನ್ನು ತೋರಿಸಿ, ಮಕ್ಕಳಲ್ಲಿ ಯಾರು ಬೇಗ ಕಲಿಯುವರೋ ಅವರಿಗೆ ಅದನ್ನು ಕೊಡುವೆನೆಂದಳು. ಅವನು ಪುಸ್ತಕವನ್ನು ತೆಗೆದುಕೊಂಡು ಗುರುವಿನ ಬಳಿಗೆ ಹೋಗಿ ‘ಓದಿದನು’. ಓದಿಯಾದ ಮೇಲೆ ತಾಯಿಯ ಬಳಿಗೆ ತಂದು ಬಾಯಿಪಾಠವಾಗಿ ಒಪ್ಪಿಸಿದನು. ಆದರೆ ಹನ್ನೆರಡು ವರ್ಷವಾಗುವವರೆಗೂ ಅವನು ನಿರಕ್ಷರನಾಗಿದ್ದನೆಂದು ಆಸರನೇ ಹಿಂದೆ ಹೇಳಿದ್ದಾನೆ. ಹಾಗಾದರೆ ಓದಿದವರು ಯಾರು? ‘ಹೋಗಿ, ಓದಿದನು’ ಎಂಬಲ್ಲಿ ‘ಅವರು ಓದಿದರು’ ಎಂದು ಗುರುಪರವಾಗಿ ಒಂದು ಪದವನ್ನು ತಿದ್ದಬೇಕೆಂದು ಕೆಲವರು ಸೂಚಿಸಿದರು. ಹಸ್ತಪ್ರತಿಯನ್ನು ನೋಡಿ ತೀರ್ಮಾನಿಸೋಣವೆಂದರೆ, ಇದ್ದ ಒಂದೇ ಒಂದು ಹಳೆಯ ಪ್ರತಿಯು ೧೭೩೧ರಲ್ಲಿ ಕಾಟನ್ ಗ್ರಂಥಭಂಡಾರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು.

ಈ ತೊಡಕು ಆಧುನಿಕ ಇಂಗ್ಲಿಷ್ ‘ರೀಡ್’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಲ್ಯಾಟಿನ್ನನ್ನು ನೋಡುವುದರಿಂದ ಬಹುಮಟ್ಟಿಗೆ ಬೆಳೆದುದಲ್ಲವೆ ಎಂದು ಶಂಕಿಸಬಹುದು. ಕನ್ನಡದಲ್ಲಿ ಈ ಪ್ರಸಂಗವನ್ನು ಹೇಳಿನೋಡಿದರೆ ತೊಡಕು ಸಡಿಲವಾಗುವುದು. ಹುಡುಗನು ಪುಸ್ತಕವನ್ನು ಹಿಡಿದು ಗುರುವಿನ ಬಳಿಗೆ ಹೋಗಿ ‘ಓದಿದನು’ ಎಂದರೆ ಅಕ್ಷರಜ್ಞಾನವು ಅವಶ್ಯವಾಗಿ ಬಂದಿತ್ತೆಂದು ಯಾರೂ ತಿಳಿಯರು. ಗುರು ಹೇಳಿಕೊಟ್ಟನು, ಹುಡುಗನು ಹೇಳಿ ಹೇಳಿ ಕಲಿತನು ಎಂಬಷ್ಟೇ ತಿಳಿಯುವರು. ವೇದವನ್ನು ಓದಿದ ವಟುವು ಅದನ್ನು ಬರೆಹದಲ್ಲಿ ನೋಡಿಯೇ ಇರಬೇಕಾಗಿಲ್ಲ.

‘ಓದು’ ಧಾತುವಿನ ಸ್ವಭಾವವೇ ಇದು. ಬರೋ ಮತ್ತು ಎಮೆನೋ ಪಂಡಿತರ ದ್ರಾವಿಡ ನಿಷ್ಪತ್ತಿಕೋಶವು (೧೯೬೧, ಪರಿಷ್ಕೃತ ಮುದ್ರಣ ೧೯೮೪) ತಮಿಳಿನ ‘ಓತು’, ಮಲಯಾಳದ ‘ಓತುಕ’, ತುಳುವಿನ ‘ಓದುನಿ’ ಎಂಬುವನ್ನು ಕನ್ನಡದ ‘ಓದು’ ಎಂಬುದರೊಡನೆ ಒಂದೆಡೆ ಸೇರಿಸಿದೆ. ಉಚ್ಚರಿಸು, ಪಠಿಸು ಎಂಬ ಅರ್ಥವು ಅವುಗಳಲ್ಲಿ ಬಲವಾಗಿದೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರಿಗೆ ‘ಓದುವಾರ್’ ಎಂದು ಹೆಸರು. ಕೇರಳದಲ್ಲಿ ವೇದಾಧ್ಯಯನಕ್ಕೆ ‘ಓತ್ತು’ ಎನ್ನುವರು. ಅಲ್ಲಿಯ ಮುಸಲ್ಮಾನರು ಕುರಾನನ್ನು ಕಲಿಸುವ ಶಾಲೆಗೆ ‘ಓತ್ತುಪಳ್ಳಿ’ ಎಂದೇ ಕರೆದರು. ಕನ್ನಡದಲ್ಲಿ ಗಿಳಿಯೂ ‘ಓದುವುದು’. ಗಿಳಿಯೋದು ಎಂಬ ಸಮಾಸವೇ ಉಂಟಷ್ಟೆ. ಇಂಗ್ಲಿಷಿನ ಗಿಳಿಯು ಮಾತಾಡಬಲ್ಲುದು, ಅನುಕರಿಸಬಲ್ಲುದು. ಅದು ‘ರೀಡ್’ ಮಾಡಿದರೆ ಪತ್ರಿಕೆಗಳಲ್ಲಿ ವರದಿಯಾಗಬೇಕು.

ತಿಳಿಯದೆ ಓದುವವನಿಗೆ ಪ್ರಾಚೀನಾಂಗ್ಲದಲ್ಲಿ ದೊರೆಯುವ ಉಪಮಾನ ಗಿಳಿಯಲ್ಲ, ಹುಳು. ಹತ್ತನೆಯ ಶತಮಾನದ ಎಕ್ಸಿಟರ್ ಗ್ರಂಥದಲ್ಲಿ ಸುಮಾರು ೯೫ ಒಗಟುಗಳಿವೆ. ಅವುಗಳಲ್ಲೊಂದು ಪುಸ್ತಕದ ಹುಳುವಿನ ಮೇಲಿದೆ. ಕತ್ತಲಲ್ಲಿ ಬಂದ ಆ ಕಳ್ಳನು ಮಾತುಗಳನ್ನೆಲ್ಲ ನುಂಗಿದರೂ ಎಳ್ಳಷ್ಟೂ ಬುದ್ಧಿವಂತನಾಗಲಿಲ್ಲವೆಂಬುದು ಅದರ ಭಾವ. ಬರೆಹವನ್ನು ಕಣ್ಣಿನ, ಚರ್ಮಪತ್ರದ, ಶಾಯಿಯ ವಸ್ತುವಾಗಿ ಕಂಡ ಮಠದ ಲೋಕಕ್ಕೆ ಹುಳು ಸಹಜವಾದ ಉಪಮಾನ. ಪಾಠವನ್ನು ಧ್ವನಿಯಾಗಿ ಕಂಡ ಲೋಕಕ್ಕೆ ಗಿಳಿ. ಆ ಒಗಟು ಸಿಂಫೋಸಿಯಸ್ ಎಂಬವನ ಲ್ಯಾಟಿನ್ ಒಗಟಿನ ವಿಸ್ತಾರವಾದುದರಿಂದ ಅದನ್ನು ಇಂಗ್ಲಿಷ್ ಮನಸ್ಸಿನ ಸ್ವಂತ ಸೃಷ್ಟಿಯೆಂದು ಹೇಳುವಂತಿಲ್ಲ. ಆದರೆ ‘ರ‍್ಯಾಡೆಲ್ಸ್’ಗಳ ನಡುವೆಯೇ ‘ರ‍್ಯಾಡನ್’ ಮಾಡಲಾರದ ಹುಳುವೊಂದು ಕುಳಿತಿರುವುದು ಸೊಗಸಾಗಿದೆ.

ಧ್ವನಿಯ ಅಂಶವು ‘ಓದಿಸು’ ಎಂಬ ಪ್ರೇರಣಾರ್ಥಕದಲ್ಲಿ ಇನ್ನೂ ಸ್ಪಷ್ಟವಾಗಿದೆ. ಮಳೆ ಬಾರದಿದ್ದಾಗ ಹಳ್ಳಿಯವರು ವಿರಾಟಪರ್ವವನ್ನು ‘ಓದಿಸುವರು’. ಮದುವೆಯಲ್ಲಿ ಬಂಧುಗಳು ಮುಯ್ಯಿಯನ್ನು ‘ಓದಿಸುವರು’. ಕೊಟ್ಟವರ ಹೆಸರನ್ನೂ ಕೊಟ್ಟುದನ್ನೂ ಸಭೆಯಲ್ಲಿ ಕೂಗಿ ಹೇಳುವುದೇ ಅಲ್ಲಿಯ ಓದು. ತೆಲುಗಿನಲ್ಲಿಯೂ ಓದು ಎಂಬರ್ಥದ ಧಾತುವಿನಿಂದಲೇ ‘ಚದಿವಿಂಪುಲು’ ಎಂದು ಮದುವೆಯ ಉಡುಗೊರೆಗಳಿಗೆ ಹೆಸರಾಗಿದೆ. ಮಗನನ್ನು ‘ಓದಿಸಿದನು’ ಎಂದರೆ ವಿದ್ಯಾಭ್ಯಾಸ ಮಾಡಿಸಿದನು ಎಂದರ್ಥ. ಇಂಗ್ಲಿಷಿನ ‘ರೀಡ್’ ಎಂಬುದಕ್ಕೆ ಇಂಥ ಪ್ರೇರಣಾರ್ಥಕವೇ ಇಲ್ಲ. ಒಂದು ಪುಸ್ತಕವು ಚೆನ್ನಾಗಿ ‘ರೀಡ್’ ಆಗುವುದೆಂದು ಅವರು ಹೇಳುವಲ್ಲಿ, ಅದು ‘ಓದಿಸಿಕೊಂಡು ಹೋಗುವುದು’ ಎಂದು ಕನ್ನಡಿಗನು ಹೇಳುವನು.

ಇಷ್ಟನ್ನು ಲಕ್ಷ್ಯದಲ್ಲಿಟ್ಟುಕೊಂಡು ಕನ್ನಡ ಸಾಹಿತ್ಯಚರಿತ್ರೆಯ ಒಂದು ವಿವಾದಸ್ಥಳವನ್ನು ನೋಡಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನ ಜನರು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬ ಭಾವವನ್ನು ಹೇಳುವುದು ಎಲ್ಲರಿಗೂ ತಿಳಿದುದೇ. ಇಲ್ಲಿಯ ‘ಓದು’ ಎಂಬುದನ್ನು ಇಂಗ್ಲಿಷಿನ ‘ರೀಡ್’ ಎಂದು ಗ್ರಹಿಸಿದ ಕೂಡಲೇ ವಾಕ್ಯವು ಸಾಕ್ಷರತೆಯ ಪ್ರಶ್ನೆಯಾಗಿ ಮಾರ್ಪಡುವುದು. ಆಗ ಅನಕ್ಷರಸ್ಥರಾದ ಜನರೂ ಕವಿಗಳಾಗಿದ್ದರೆಂದು ಕೆಲವರು ಹೆಮ್ಮೆಪಡುವರು. ಕಾವ್ಯನಿಪುಣರಾದವರು ಅನಕ್ಷರಸ್ಥರಾಗಿರುವುದು ಹೇಗೆಂದು ಕೆಲವರು ಆಕ್ಷೇಪಿಸುವರು. ಎರಡು ಪಕ್ಷಗಳೂ ಲಿಪಿಯನ್ನು ಮೂಲದಲ್ಲಿ ಇಲ್ಲದ ಕಡೆ ತಂದಿಟ್ಟಂತಾಯಿತು. ಗುರುಮುಖದಿಂದ, ಬಾಯಿಪಾಠವಾಗಿ, ಶಾಸ್ತ್ರಕ್ರಮದಲ್ಲಿ ಮಾಡುವ ಅಭ್ಯಾಸವೇ ಆ ಕಾಲದ ಓದು. ಅಂಥ ಅಭ್ಯಾಸವಿಲ್ಲದೆಯೂ, ಕೇಳಿ ಆಡಿ ಬಂದ ಸಂಸ್ಕಾರದಿಂದಲೇ, ಜನರಿಗೆ ಕಾವ್ಯದ ಮರ್ಮ ತಿಳಿದಿತ್ತೆಂಬುದು ಗ್ರಂಥಕಾರನ ಆಶಯವೆಂದು ತೋರುವುದು. ಅವರಲ್ಲಿ ಎಷ್ಟು ಮಂದಿಗೆ ಅಕ್ಷರ ಬರುತ್ತಿತ್ತೆಂಬ ಪ್ರಶ್ನೆಗೆ ಆ ಪದ್ಯದಲ್ಲಿ ಉತ್ತರವನ್ನು ಹುಡುಕುವುದು ವ್ಯರ್ಥಪ್ರಯಾಸ. ಇಂಗ್ಲಿಷ್ ಅನುವಾದಕರಲ್ಲಿ ಅಭ್ಯಾಸ, ಶಿಕ್ಷಣ ಎಂಬ ಅರ್ಥದ ಪದಗಳನ್ನು ಹಿಡಿದವರು ‘ರೀಡ್’ ಎಂಬುದನ್ನು ಹಿಡಿದವರಿಗಿಂತ ಮೂಲಕ್ಕೆ ಹತ್ತಿರವಾಗಿದ್ದಾರೆ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಓದಿನ ಮೇಲೆ ಬರುವ ಟೀಕೆಯೂ ಹೀಗೆಯೇ. ಶರಣರ ಎದುರಿಗಿದ್ದುದು ಗ್ರಂಥವನ್ನು ಮೌನವಾಗಿ ನೋಡುತ್ತ ಕುಳಿತ ಪಂಡಿತನಲ್ಲ, ಸ್ವರಬದ್ಧವಾಗಿ ವೇದವನ್ನು ಹೇಳುವ ಕಂಠ. ಅದನ್ನು ‘ರೀಡಿಂಗ್’ ಎಂದು ಇಂಗ್ಲಿಷಿಗೆ ಇಳಿಸಿದರೆ ಟೀಕೆಯ ಮೊನೆಯೇ ಮುರಿಯುವುದು.

ಇನ್ನು ಪ್ರವಾಹವು ವಿರುದ್ಧದಿಕ್ಕಿನಲ್ಲಿ ಹರಿದ ಬಗೆ. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಅವರು ೧೯೨೯ರಲ್ಲಿ ‘ಪ್ರಾ‍ಕ್ಟಿಕಲ್ ಕ್ರಿಟಿಸಿಸಂ’ ಗ್ರಂಥವನ್ನು ಪ್ರಕಟಿಸಿದರು. ಕವಿಗಳ ಹೆಸರನ್ನು ಮರೆಸಿ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದುಕೊಟ್ಟ ಅಭಿಪ್ರಾಯಗಳನ್ನು ಪರೀಕ್ಷಿಸಿದ ಗ್ರಂಥವದು. ಅಲ್ಲಿಂದೀಚೆಗೆ ಇಂಗ್ಲಿಷ್ ವಿಮರ್ಶೆಯಲ್ಲಿ ‘ಒಂದು ರೀಡಿಂಗ್’ ಎಂದರೆ ಒಬ್ಬನು ಕಟ್ಟಿಕೊಟ್ಟ ಅರ್ಥ ಎಂಬ ಪ್ರಯೋಗ ಬಲವಾಯಿತು. ಧಾತುವಿನ ಇತಿಹಾಸವನ್ನು ನೋಡಿದರೆ ಅದು ನವೀನವಾದುದೇನೂ ಅಲ್ಲ. ದಾನಿಯೇಲನ ಕಾಲಕ್ಕೆ ಹಿಂತಿರುಗಿದಂತಾಯಿತು ಅಷ್ಟೆ. ಕನ್ನಡ ವಿಮರ್ಶೆಯು ಅದನ್ನು ‘ಓದು’, ‘ಮರುಓದು’ ಎಂದು ತಂದುಕೊಂಡಿತು. ಇದನ್ನು ತಪ್ಪೆಂದು ತಳ್ಳುವುದು ಹಟವಾದೀತು. ಶಾಸನಸಂಶೋಧಕರು ಸವೆದ ಅಕ್ಷರಗಳನ್ನು ಬಿಡಿಸುವುದಕ್ಕೆ ‘ಓದು’ ಎಂದೇ ಹೇಳುವರು. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನಕ್ಕೆ ಒಂದಕ್ಕಿಂತ ಹೆಚ್ಚು ಓದುಗಳಿವೆ ಎಂದರೆ ಯಾರಿಗೂ ಅಸಂಗತವೆನಿಸದು. ಹಸ್ತಪ್ರತಿಗಳ ಸಂಪಾದನೆಯಲ್ಲಿ ‘ಪಾಠಾಂತರ’ ಎಂಬ ಪದವೂ ಪಠಿಸುವ ಧಾತುವಿನಿಂದಲೇ ಬಂದುದು. ಶಬ್ದವು ಕಂಠದಿಂದ ಕಣ್ಣಿಗೂ ಕಣ್ಣಿನಿಂದ ಬುದ್ಧಿಗೂ ಸಾಗುವ ದಾರಿ ಕನ್ನಡಕ್ಕೂ ತೆರೆದೇ ಇದೆ.

ಆದರೆ ಒಂದು ನಷ್ಟವನ್ನು ಗಮನಿಸದೆ ಇರಲಾಗದು. ಇಂಗ್ಲಿಷು ಒಂದೇ ಕ್ರಿಯಾಪದದಲ್ಲಿ ಅಡಗಿಸಿದ ಎರಡು ಕಾರ್ಯಗಳನ್ನು ಕನ್ನಡದ ಸಂಪ್ರದಾಯವು ಇಬ್ಬರಿಗೆ ಹಂಚಿಕೊಟ್ಟಿತ್ತು. ಭಾರತವಾಚನದಲ್ಲಿ ಗಮಕಿಯು ಓದುವನು. ವ್ಯಾಖ್ಯಾನಕಾರನು ಅರ್ಥ ಹೇಳುವನು. ಓದಿದವನೇ ಅರ್ಥದ ಒಡೆಯನೆಂಬ ಭಾವ ಅಲ್ಲಿಲ್ಲ. ಒಂದೇ ಪದ್ಯವು ಎರಡು ಬಾಯಿಗಳಲ್ಲಿ ಸಭೆಯ ಎದುರಿಗೆ ಪರೀಕ್ಷೆಗೊಳಗಾಗುವುದು. ಗಮಕಿಯು ರಾಗದಿಂದ, ಪದವಿಭಾಗದಿಂದ, ನಿಲುಗಡೆಯಿಂದ ಅರ್ಥವನ್ನು ಸೂಚಿಸುವನೆಂಬುದು ನಿಜ. ಅವನು ತಪ್ಪಾಗಿ ಪದಚ್ಛೇದ ಮಾಡಿದರೆ ವ್ಯಾಖ್ಯಾನಕಾರನು ಅಲ್ಲಿಯೇ ತಡೆಯುವುದೂ ಉಂಟು. ‘ಮರುಓದು’ ಎಂಬ ಹೊಸ ಮಾತಿನಲ್ಲಿ ಈ ಎರಡನೆಯ ಬಾಯಿ ಕಾಣೆಯಾಗಿದೆ. ಕಾವ್ಯವನ್ನು ಒಮ್ಮೆಯೂ ಬಾಯಿಬಿಟ್ಟು ಓದದೆ ಅದರ ‘ಓದನ್ನು’ ಬರೆದುಬಿಡುವುದು ಈಗ ಸಾಧ್ಯವಾಗಿದೆ. ಛಂದಸ್ಸಿನ ಗತಿಯನ್ನು ಕಿವಿಯಿಂದ ಗ್ರಹಿಸದವನು ಷಟ್ಪದಿಯ ‘ಓದನ್ನು’ ಮಂಡಿಸುವನೆಂದರೆ, ಹಿಂದಿನವರು ಅದನ್ನು ಅಭಿಪ್ರಾಯವೆಂದು ಕರೆಯುತ್ತಿದ್ದರೇ ಹೊರತು ಓದೆಂದು ಕರೆಯುತ್ತಿರಲಿಲ್ಲ. ಅರ್ಥಕಥನಕ್ಕೆ ‘ವ್ಯಾಖ್ಯಾನ’, ‘ಟೀಕು’, ‘ಅನ್ವಯ’ ಎಂಬ ಪದಗಳು ಇದ್ದೇ ಇರುವಾಗ, ಅವುಗಳನ್ನು ಹಳಸಲೆಂದು ಬಿಟ್ಟು ಎಲ್ಲವನ್ನೂ ‘ಓದು’ ಎಂಬ ಒಂದೇ ಚೀಲಕ್ಕೆ ತುಂಬಿದುದರಿಂದ ಲಾಭವೇನೆಂಬುದನ್ನು ಆ ಪ್ರಯೋಗದ ಪಕ್ಷಪಾತಿಗಳು ಹೇಳಬೇಕು.

ಇಂಗ್ಲಿಷ್ ಪಾಠದಲ್ಲಿಯೂ ಈ ವಿವೇಕ ಉಪಯುಕ್ತವಾದುದು. ಮೌನವಾಗಿ ಪುಸ್ತಕವನ್ನು ನೋಡುತ್ತಿರುವ ಹುಡುಗನಿಗೆ ‘ಓದು’ ಎಂದು ಹೇಳಿದರೆ ಅವನು ತಟ್ಟನೆ ಧ್ವನಿಯೆತ್ತಿ ಓದತೊಡಗುವನು. ಅದು ಅವನ ತಪ್ಪಲ್ಲ, ಪದದ ಸ್ವಭಾವ. ಸದ್ದಿಲ್ಲದ ಓದಿಗೆ ಉಪಾಧ್ಯಾಯರು ‘ಮನಸ್ಸಿನಲ್ಲಿಯೇ ಓದಿಕೊ’ ಎನ್ನುವರು. ಈ ‘ಓದಿಕೊಳ್ಳು’ ಎಂಬ ರೂಪವನ್ನು ದ್ವಿಭಾಷಾ ನಿಘಂಟುಗಳು ಬೇರೆಯಾಗಿ ಗಣಿಸದಿರುವುದು ದೊಡ್ಡ ಲೋಪ. ಸ್ವಂತಕ್ಕೆಂದು, ತನ್ನೊಳಗೆ ತಾನು ಗ್ರಹಿಸಿಕೊಳ್ಳುವುದು ಎಂಬ ಅರ್ಥವನ್ನು ‘ಕೊಳ್ಳು’ ಎಂಬ ಅನುಪ್ರಯೋಗವು ತರುವುದರಿಂದ, ‘ರೀಡ್’ ಎಂಬುದರ ಒಳದನಿಗೆ ‘ಓದು’ ಎಂಬುದಕ್ಕಿಂತ ಅದು ಎಷ್ಟೋ ಹತ್ತಿರ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ರಾಜನು ಪೋಪ್ ಗ್ರೆಗರಿಯ ಗ್ರಂಥದ ಅನುವಾದಕ್ಕೆ ಬರೆದ ಪೀಠಿಕೆಯಲ್ಲಿ, ದೇಶದಲ್ಲಿ ವಿದ್ಯೆಯು ನಶಿಸಿದುದಕ್ಕೆ ದುಃಖಿಸಿ, ಅನುಕೂಲವುಳ್ಳ ಸ್ವತಂತ್ರರ ಮಕ್ಕಳೆಲ್ಲರೂ ಇಂಗ್ಲಿಷ್ ಬರೆಹವನ್ನು ಚೆನ್ನಾಗಿ ‘ಅರ‍್ಯಾಡನ್’ ಮಾಡಬಲ್ಲವರಾಗುವವರೆಗೆ ಕಲಿಯಲಿ ಎಂದು ಆಶಿಸಿದನು. ಲ್ಯಾಟಿನ್ ತಿಳಿದವರು ವಿರಳವಾದುದರಿಂದ, ಬೇರೊಬ್ಬನ ಬಾಯಿಯನ್ನು ಕಾಯದೆ ಪ್ರತಿಯೊಬ್ಬನೂ ಸ್ವಭಾಷೆಯಲ್ಲಿ ಗ್ರಂಥಗಳನ್ನು ತಿಳಿಯಬೇಕೆಂಬುದು ಅವನ ಯೋಜನೆ. ಆ ವಾಕ್ಯವನ್ನು ಕನ್ನಡಿಸುವವರು ‘ಓದಬಲ್ಲವರಾಗುವವರೆಗೆ’ ಎಂದು ಬರೆಯುವುದಕ್ಕಿಂತ ‘ಓದಿಕೊಳ್ಳಬಲ್ಲವರಾಗುವವರೆಗೆ’ ಎಂದು ಬರೆಯುವುದು ಉಚಿತ.